ನಿಮ್ಮ ಆ್ಯಪ್‌ಗೂ ಅದರ ಫೈಲ್‌ಗೂ ಗುರುತಿನ ಹೆಸರು ನೋಂದಾಯಿಸುವುದು ಹೇಗೆ?

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರರಿಗೆಂದು ನೀವೊಂದು ಪುಟ್ಟ ಆ್ಯಪ್ ಮಾಡಿದ್ದೀರಿ ಎಂದುಕೊಳ್ಳಿ. ಚಾಕಿ ಹುಳು ತಂದದ್ದು ಯಾವತ್ತು, ಎಷ್ಟು ಮೊಟ್ಟೆ, ಸೊಪ್ಪಿಗೆ ಎಷ್ಟು ಹೋಯಿತು, ಕೂಲಿ ಎಷ್ಟು, ಗೂಡಿಗೆ ಹರಾಜಿನಲ್ಲಿ ಕೆಜಿಗೆ ಏನು ದರ ಸಿಕ್ಕಿತು, ಹೀಗೆ ಒಂದು ಬೆಳೆಯ ಪೂರ್ತಿ ಲೆಕ್ಕ ಒಂದು ಫೈಲ್‌ನಲ್ಲಿ ಇರುತ್ತದೆ. ಅಣ್ಣ ಆ ಫೈಲನ್ನು ಬೆಂಗಳೂರಿನಲ್ಲಿರುವ ತಂಗಿಗೆ ವಾಟ್ಸ್‌ಆ್ಯಪ್ ಮಾಡುತ್ತಾರೆ. ತಂಗಿಯ ಫೋನಿನಲ್ಲೂ ಅದೇ ಆ್ಯಪ್ ಇದೆ. ಆದರೂ ಫೈಲ್ ಒತ್ತಿದರೆ ‘ಇದನ್ನು ತೆರೆಯಲು ಯಾವ ಆ್ಯಪ್ ಕೂಡ ಇಲ್ಲ’ ಎಂದು ಬರುತ್ತದೆ.

ಆ್ಯಪ್ ಕೆಟ್ಟಿಲ್ಲ, ಫೈಲ್ ಕೂಡ ಕೆಟ್ಟಿಲ್ಲ. ಈ ಫೈಲ್ ಈ ಆ್ಯಪ್‌ಗೆ ಸೇರಿದ್ದು ಅಂತ ಫೋನಿಗೆ ಯಾರೂ ಹೇಳಿಲ್ಲ, ಅಷ್ಟೇ.

ಇಲ್ಲಿ ಬೇಕಾಗಿರುವುದು ಎರಡು ಗುರುತು. ಒಂದು ಆ್ಯಪ್‌ನದು. ಪರದೆಯ ಮೇಲೆ ಕಾಣುವ ಹೆಸರಲ್ಲ ಇದು. ‘ಗೂಡುಲೆಕ್ಕ’ ಎಂಬ ಹೆಸರಿನ ಆ್ಯಪ್‌ಗಳು ಹತ್ತು ಇರಬಹುದು, ಒಳಗಿನ ಗುರುತು ಮಾತ್ರ ಒಂದೊಂದಕ್ಕೂ ಬೇರೆಯೇ ಇರಬೇಕು. ಇನ್ನೊಂದು ಫೈಲ್‌ನ ಬಗೆಗೆ ಕೊಡುವ ಗುರುತು. ಮೊದಲನೆಯದನ್ನು ಗೂಗಲ್ ಮತ್ತು ಆ್ಯಪಲ್ ಬಳಿ ದಾಖಲಿಸಬೇಕು. ಎರಡನೆಯದರ ದಾರಿ ಬೇರೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಾಲೇಜುಗಳಲ್ಲಿ ಪ್ರಾಜೆಕ್ಟ್‌ಗೆಂದು ಶುರು ಮಾಡಿದ ಆ್ಯಪನ್ನು ಹಾಲಿನ ಸೊಸೈಟಿಗೋ ಟೊಮೆಟೊ ಮಂಡಿಗೋ ನಿಜವಾಗಿ ಕೊಡಬೇಕು ಅನ್ನುವವರು ಈ ಎರಡನ್ನೂ ಮೊದಲೇ ಸರಿ ಮಾಡಿಕೊಳ್ಳಬೇಕು. ಒಮ್ಮೆ ಸ್ಟೋರ್‌ಗೆ ಹೋದ ಗುರುತನ್ನು ಆಮೇಲೆ ಬದಲಿಸಲು ಆಗುವುದಿಲ್ಲ.

ಖಾತೆ ಯಾರ ಹೆಸರಲ್ಲಿ?

ಕೋಡ್ ಮುಟ್ಟುವ ಮೊದಲು ಇದನ್ನು ತೀರ್ಮಾನಿಸಿ. ಗುರುತು ಸೇರುವುದು ಅದನ್ನು ನೋಂದಾಯಿಸಿದ ಖಾತೆಗೆ. ಸೊಸೈಟಿಯ ಆ್ಯಪನ್ನು ವಿದ್ಯಾರ್ಥಿಯೊಬ್ಬ ತನ್ನ ಸ್ವಂತ ಖಾತೆಯಿಂದ ಹಾಕಿದರೆ, ಅವನು ಕೆಲಸ ಸಿಕ್ಕಿ ಊರು ಬಿಟ್ಟ ಮೇಲೆ ಅಪ್‌ಡೇಟ್ ಹಾಕುವವರು ಯಾರು? ಒಂದು ಖಾತೆಯಿಂದ ಇನ್ನೊಂದಕ್ಕೆ ಆ್ಯಪ್ ವರ್ಗಾಯಿಸಲು ಎರಡೂ ಕಂಪನಿಗಳಲ್ಲಿ ದಾರಿ ಇದೆ. ಆದರೆ ಹಳೆಯ ಖಾತೆಗೆ ಲಾಗಿನ್ ಆಗಿ ಒಪ್ಪಿಗೆ ಕೊಡುವವರು ಬೇಕಲ್ವಾ? ನನ್ನ ಮಟ್ಟಿಗೆ ಇದರಲ್ಲಿ ಎರಡು ಮಾತಿಲ್ಲ: ಆ್ಯಪ್ ಯಾರ ಕೆಲಸಕ್ಕೋ ಖಾತೆಯೂ ಅವರದೇ ಇರಬೇಕು. ಮಾಡಿಕೊಡುವವರನ್ನು ಅದಕ್ಕೆ ಸದಸ್ಯರಾಗಿ ಸೇರಿಸಿಕೊಂಡರೆ ಸಾಕು.

ಗೂಗಲ್ ಪ್ಲೇ ಖಾತೆಗೆ 25 ಡಾಲರ್, ಒಂದೇ ಸಲ. ಆ್ಯಪಲ್‌ಗೆ ವರ್ಷಕ್ಕೆ 99 ಡಾಲರ್. ಸಂಸ್ಥೆಯ ಹೆಸರಲ್ಲಿ ತೆರೆಯುವುದಾದರೆ ಎರಡೂ ಕಡೆ ಡನ್ಸ್ ನಂಬರ್ ಕೇಳುತ್ತಾರೆ, ಅಂದರೆ ಸಂಸ್ಥೆಗಳನ್ನು ಗುರುತಿಸುವ 9 ಅಂಕಿಯ ಸಂಖ್ಯೆ. ಅದು ಕೈಗೆ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಮೊದಲೇ ಅರ್ಜಿ ಹಾಕಿಡಿ.

ಹೆಸರು ಕಟ್ಟುವ ಕ್ರಮ

ನಿಮ್ಮ ಜಾಲತಾಣದ ಡೊಮೈನ್ ಹೆಸರನ್ನು ತಿರುಗಿಸಿ ಬರೆಯುವುದು ರೂಢಿ. ಡೊಮೈನ್ ‘ಗೂಡುಲೆಕ್ಕ.ಇನ್’ ಆದರೆ ಗುರುತು ‘ಇನ್.ಗೂಡುಲೆಕ್ಕ.ಬೆಳೆಗಾರ’ ಎಂದಾಗುತ್ತದೆ. ಓದಲು ಅನುಕೂಲವಾಗಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ. ನಿಜವಾದ ಗುರುತಿನಲ್ಲಿ ರೋಮನ್ ಅಕ್ಷರ ಮಾತ್ರ ನಡೆಯುತ್ತದೆ. ಕನ್ನಡದ ಹೆಸರನ್ನು ಪರದೆಯ ಮೇಲೆ ಧಾರಾಳವಾಗಿ ಬಳಸಿ.

ಆ ಡೊಮೈನ್ ನಿಮ್ಮದೇನಾ ಎಂದು ಈ ಹಂತದಲ್ಲಿ ಗೂಗಲ್ ಆಗಲಿ ಆ್ಯಪಲ್ ಆಗಲಿ ಕೇಳುವುದಿಲ್ಲ. ಹಾಗಂತ ಬೇರೆಯವರ ಹೆಸರು ಹಾಕಬೇಡಿ. ಒಂದು ‘.ಇನ್’ ಡೊಮೈನ್ ಕೊಂಡುಬಿಡಿ. ಆ ಹೆಸರು ಜಗತ್ತಿನಲ್ಲಿ ನಿಮಗೊಬ್ಬರಿಗೇ ಸೇರಿರುತ್ತದೆ, ಇನ್ನೊಬ್ಬರ ಗುರುತಿಗೆ ಡಿಕ್ಕಿ ಹೊಡೆಯುವ ಭಯ ಇರುವುದಿಲ್ಲ.

ಅಕ್ಷರಗಳ ವಿಷಯದಲ್ಲಿ ಒಂದು ತೊಡಕಿದೆ. ಆ್ಯಪಲ್‌ನಲ್ಲಿ ಅಡ್ಡಗೆರೆ ನಡೆಯುತ್ತದೆ, ಅಂಡರ್‌ಸ್ಕೋರ್ ನಡೆಯುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಇದಕ್ಕೆ ತಿರುಗಾಮುರುಗಾ. ಎರಡೂ ಕಡೆ ಒಂದೇ ಗುರುತು ಇರಬೇಕಾದರೆ ಎರಡನ್ನೂ ಬಿಟ್ಟು ಬರೀ ಸಣ್ಣಕ್ಷರ ಮತ್ತು ಅಂಕಿ ಬಳಸಿ. ಆಂಡ್ರಾಯ್ಡ್‌ನಲ್ಲಿ ಕನಿಷ್ಠ ಎರಡು ಭಾಗ ಬೇಕು, ಪ್ರತಿ ಭಾಗವೂ ಅಕ್ಷರದಿಂದಲೇ ಶುರುವಾಗಬೇಕು.

ನಮ್ಮ ದೇಶದವರಿಗೇ ಜಾಸ್ತಿ ಕಾಡುವ ತೊಂದರೆ ಇನ್ನೊಂದಿದೆ. ‘ಇನ್’ ಎಂಬುದು ಆಂಡ್ರಾಯ್ಡ್ ಆ್ಯಪ್ ಬರೆಯುವ ಕೋಟ್ಲಿನ್ ಭಾಷೆಯಲ್ಲಿ ಕಾದಿಟ್ಟ ಪದ, ಅಂದರೆ ಭಾಷೆಯೇ ತನ್ನ ಬಳಕೆಗೆ ಇಟ್ಟುಕೊಂಡದ್ದು. ಹಾಗಾಗಿ ಕೋಡ್‌ನ ಪ್ಯಾಕೇಜ್ ಸಾಲಿನಲ್ಲಿ ಅದನ್ನು ಬ್ಯಾಕ್‌ಟಿಕ್ ಚಿಹ್ನೆಗಳ ನಡುವೆ ಬರೆಯಬೇಕಾಗುತ್ತದೆ. ಗಾಬರಿ ಬೇಡ. ಕೋಡ್ ಒಳಗಿನ ಪ್ಯಾಕೇಜ್ ಹೆಸರು ಮತ್ತು ಸ್ಟೋರ್‌ಗೆ ಕೊಡುವ ಅಪ್ಲಿಕೇಶನ್ ಐಡಿ (ನಾವು ಇಲ್ಲಿ ಕಟ್ಟುತ್ತಿರುವ ಗುರುತು ಇದೇ) ಒಂದೇ ಆಗಿರಬೇಕು ಎಂಬ ನಿಯಮ ಈಗಿಲ್ಲ. ಒಳಗೆ ಬೇರೆ ಹೆಸರಿಟ್ಟುಕೊಂಡು ಐಡಿ ಮಾತ್ರ ‘ಇನ್’ನಿಂದ ಶುರು ಮಾಡಬಹುದು.

ಇಸವಿ, ಊರು, ಯೋಜನೆಯ ಹೆಸರು ಗುರುತಿನಲ್ಲಿ ಬೇಡ. ತುಮಕೂರಿನ ರೋಮನ್ ಕಾಗುಣಿತವೇ 2014ರ ನವೆಂಬರ್ 1ರಂದು ಬದಲಾಯಿತು. ಹಳೆಯ ಕಾಗುಣಿತ ಸೇರಿಸಿ ಗುರುತು ಕಟ್ಟಿದ್ದರೆ ಅದು ಹಾಗೇ ಉಳಿಯುತ್ತದೆ. ಪ್ಲೇ ಸ್ಟೋರ್ ಪುಟದ ಲಿಂಕ್‌ನಲ್ಲಿ ಎಲ್ಲರಿಗೂ ಕಾಣುತ್ತದೆ ಕೂಡ.

ಗೂಗಲ್‌ನಲ್ಲಿ

ಆಂಡ್ರಾಯ್ಡ್ ಸ್ಟುಡಿಯೊದಲ್ಲಿ ಹೊಸ ಪ್ರಾಜೆಕ್ಟ್ ತೆರೆದಾಗ ‘ಕಾಮ್.ಎಕ್ಸಾಂಪಲ್’ ಎಂದು ತಾನಾಗಿ ತುಂಬಿಕೊಂಡಿರುತ್ತದೆ. ಅದನ್ನು ಅಲ್ಲೇ ಅಳಿಸಿ, ನಿಮ್ಮ ಹೆಸರು ಬರೆಯಿರಿ. ಉಳಿಸಿಕೊಂಡರೆ ಪ್ಲೇ ಕನ್ಸೋಲ್, ಅಂದರೆ ಗೂಗಲ್‌ಗೆ ಆ್ಯಪ್ ಒಪ್ಪಿಸುವ ಜಾಲತಾಣ, ನಿಮ್ಮ ಆ್ಯಪನ್ನು ಒಪ್ಪುವುದಿಲ್ಲ.

ಕನ್ಸೋಲ್‌ನಲ್ಲಿ ಆ್ಯಪ್ ಸೃಷ್ಟಿಸಿ, ಮೊದಲ ಬಂಡಲ್ (ಆ್ಯಪ್‌ನ ಕಟ್ಟು) ಅಪ್‌ಲೋಡ್ ಮಾಡಿದಾಗ ಗುರುತು ನಿಮ್ಮದಾಗುತ್ತದೆ. ಆಮೇಲೆ ಆ್ಯಪನ್ನು ಅಳಿಸಿದರೂ ಅದೇ ಗುರುತನ್ನು ಮತ್ತೆ ಬಳಸಲು ಬಿಡುವುದಿಲ್ಲ. ಆದ್ದರಿಂದ ಪರೀಕ್ಷೆಗೆಂದು ಸುಮ್ನೆ ಒಂದು ಹಾಕಿ ನೋಡೋಣ ಎನ್ನುವಾಗಲೂ ಒಳ್ಳೆಯ ಹೆಸರನ್ನು ವ್ಯರ್ಥ ಮಾಡಬೇಡಿ. 2023ರ ನವೆಂಬರ್ 13ರ ನಂತರ ತೆರೆದ ವೈಯಕ್ತಿಕ ಖಾತೆಯಾದರೆ, ಎಲ್ಲರಿಗೂ ಬಿಡುಗಡೆ ಮಾಡುವ ಮುಂಚೆ 12 ಜನರಿಂದ ಸತತ 14 ದಿನ ಪರೀಕ್ಷೆ ಮಾಡಿಸಬೇಕು.

ಗುರುತಿನ ಜೊತೆಗೆ ಸಹಿ ಮಾಡುವ ಕೀ, ಅಂದರೆ ಆ್ಯಪ್ ನಿಮ್ಮಿಂದಲೇ ಬಂದದ್ದು ಎಂದು ತೋರಿಸುವ ಗುಪ್ತ ಡಿಜಿಟಲ್ ಕೀಲಿ ಕೂಡ ಮುಖ್ಯ. ಪ್ಲೇ ಸ್ಟೋರ್‌ನ ಹೊಸ ಆ್ಯಪ್‌ಗಳ ಅಸಲಿ ಕೀ ಈಗ ಗೂಗಲ್ ಬಳಿಯೇ ಇರುತ್ತದೆ. ನಿಮ್ಮ ಕೈಯಲ್ಲಿರುವುದು ಅಪ್‌ಲೋಡ್ ಕೀ. ಅದು ಕಳೆದುಹೋದರೆ ಬದಲಿಸಿಕೊಡಲು ಕೇಳಬಹುದು. ಸ್ಟೋರ್ ಹೊರಗೆ ನೀವೇ ಆ್ಯಪ್ ಹಂಚುವುದಾದರೆ ಈ ಆಸರೆ ಇಲ್ಲ. ಹಾಗೆ ಹಂಚುವವರೂ ಗುರುತನ್ನು ಗೂಗಲ್ ಬಳಿ ನೋಂದಾಯಿಸಬೇಕು, ಕೀ ತಮ್ಮದೇ ಎಂದು ತೋರಿಸಬೇಕು ಎಂಬ ಯೋಜನೆಯನ್ನು ಗೂಗಲ್ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ಅದರಂತೆ ಬ್ರೆಜಿಲ್, ಇಂಡೋನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ನಲ್ಲಿ 2026ರ ಸೆಪ್ಟೆಂಬರ್‌ನಿಂದ, ಉಳಿದ ದೇಶಗಳಲ್ಲಿ 2027ರಿಂದ ಹಂತ ಹಂತವಾಗಿ ಜಾರಿ.

ಆ್ಯಪಲ್‌ನಲ್ಲಿ

ಡೆವಲಪರ್ ಖಾತೆಗೆ ಹೋಗಿ, ‘ಐಡೆಂಟಿಫೈಯರ್ಸ್’ ಭಾಗ ತೆರೆದು ಕೂಡಿಸುವ ಚಿಹ್ನೆ ಒತ್ತಿ. ‘ಆ್ಯಪ್ ಐಡಿ’ ಆರಿಸಿ, ಒಂದು ವಿವರಣೆ ಬರೆದು, ‘ಎಕ್ಸ್‌ಪ್ಲಿಸಿಟ್’ ಎಂಬ ಆಯ್ಕೆಯಲ್ಲಿ ನಿಮ್ಮ ಪೂರ್ತಿ ಗುರುತು ಹಾಕಿ. ಅದರ ಪಕ್ಕದ ‘ವೈಲ್ಡ್‌ಕಾರ್ಡ್’ ಬೇಡ, ಅದರಲ್ಲಿ ಪುಶ್ ನೋಟಿಫಿಕೇಶನ್‌ನಂಥ ಸೌಲಭ್ಯಗಳು ಸಿಗುವುದಿಲ್ಲ. ಬೇಕಾದ ಸೌಲಭ್ಯಗಳಿಗೆ ಟಿಕ್ ಹಾಕಿ ‘ರಿಜಿಸ್ಟರ್’ ಒತ್ತಿದರೆ ಮುಗಿಯಿತು. ನಂತರ ಆ್ಯಪ್ ಸ್ಟೋರ್ ಕನೆಕ್ಟ್‌ನಲ್ಲಿ ಹೊಸ ಆ್ಯಪ್ ಸೇರಿಸುವಾಗ ಇದೇ ಗುರುತು ಪಟ್ಟಿಯಲ್ಲಿ ಕಾಣುತ್ತದೆ.

ಇಲ್ಲಿ ಹುಷಾರಾಗಿರಬೇಕಾದ ಜಾಗ ಎಕ್ಸ್‌ಕೋಡ್, ಅಂದರೆ ಐಫೋನ್ ಆ್ಯಪ್ ಬರೆಯುವ ಆ್ಯಪಲ್‌ನ ತಂತ್ರಾಂಶ. ತಾನೇ ಸಹಿ ಮಾಡುವ ಸೌಲಭ್ಯ ಚಾಲೂ ಇದ್ದರೆ, ಫೋನಿನಲ್ಲಿ ಒಮ್ಮೆ ಓಡಿಸಿ ನೋಡಿದರೂ ಸಾಕು, ಆಗ ಆರಿಸಿರುವ ಖಾತೆಗೆ ಗುರುತು ದಾಖಲಾಗಬಹುದು. ಹುಡುಗರು ತಮ್ಮ ಉಚಿತ ವೈಯಕ್ತಿಕ ಖಾತೆಯಲ್ಲಿ ಹೀಗೆ ಓಡಿಸಿದ್ದರೆ, ಮುಂದೆ ಸೊಸೈಟಿಯ ಖಾತೆಯಲ್ಲಿ ಅದೇ ಗುರುತು ಹಾಕಿದಾಗ ‘ಲಭ್ಯವಿಲ್ಲ’ ಎಂಬ ಉತ್ತರ ಬರುತ್ತದೆ. ಅದಕ್ಕೇ ಮೊದಲು ಸರಿಯಾದ ಖಾತೆಯಲ್ಲಿ ಕೈಯಾರೆ ನೋಂದಾಯಿಸಿ, ಆಮೇಲೆ ಎಕ್ಸ್‌ಕೋಡ್‌ನಲ್ಲಿ ಓಡಿಸಿ.

ಫೈಲ್‌ನ ಗುರುತು

ಹಳೆಯ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಪ್ರತಿ ಫೈಲ್ ಜೊತೆಗೆ ಕಣ್ಣಿಗೆ ಕಾಣದ ಎರಡು ಸಂಕೇತಗಳಿರುತ್ತಿದ್ದವು. ಒಂದೊಂದಕ್ಕೂ ನಾಲ್ಕೇ ಅಕ್ಷರ. ಒಂದು ಫೈಲ್‌ನ ಬಗೆ, ಇನ್ನೊಂದು ಅದನ್ನು ಮಾಡಿದ ತಂತ್ರಾಂಶ. ಆ ನಾಲ್ಕಕ್ಷರವನ್ನು ಆ್ಯಪಲ್ ಬಳಿ ನೋಂದಾಯಿಸಿಕೊಳ್ಳಬೇಕಿತ್ತು. ಬರೀ ಸಣ್ಣಕ್ಷರದ ಸಂಕೇತಗಳನ್ನು ಆ್ಯಪಲ್ ತನಗೇ ಇಟ್ಟುಕೊಂಡಿತ್ತು. ಪಾಮ್ ಕೈಗಣಕಗಳಲ್ಲೂ ಇದೇ ಪದ್ಧತಿ. 2005ರಲ್ಲಿ ಮ್ಯಾಕ್‌ನ ಟೈಗರ್ ಆವೃತ್ತಿಯಲ್ಲಿ ಆ್ಯಪಲ್ ಡೊಮೈನ್ ತಿರುಗಿಸಿ ಬರೆಯುವ ಉದ್ದನೆಯ ಗುರುತುಗಳನ್ನು ತಂದಿತು. ಇವಕ್ಕೆ ಯಾರ ಬಳಿಯೂ ಅರ್ಜಿ ಹಾಕಬೇಕಿಲ್ಲ, ಆ್ಯಪ್ ಒಳಗೇ ಘೋಷಿಸಿದರೆ ಸಾಕು.

ಘೋಷಿಸುವುದು ಹೀಗೆ. ಎಕ್ಸ್‌ಕೋಡ್‌ನ ‘ಇನ್ಫೋ’ ಪುಟದಲ್ಲಿ ‘ಎಕ್ಸ್‌ಪೋರ್ಟೆಡ್ ಟೈಪ್’ ಭಾಗಕ್ಕೆ ‘ಇನ್.ಗೂಡುಲೆಕ್ಕ.ಬೆಳೆ’ ಎಂದು ಸೇರಿಸಿ. ಬೇರೆಯವರು ಹುಟ್ಟುಹಾಕಿದ ಫೈಲ್‌ಗೆ ಮಾತ್ರ ‘ಇಂಪೋರ್ಟೆಡ್’. ಅಲ್ಲೇ ಫೈಲ್‌ನ ಬಾಲದ ಹೆಸರು (ಫೈಲ್ ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಭಾಗ) ಕೊಡಿ. ಒಳಗಿರುವುದು ಜೇಸನ್, ಅಂದರೆ ಮಾಹಿತಿಯನ್ನು ಪಠ್ಯವಾಗಿ ಬರೆದಿಡುವ ಒಂದು ವಿಧಾನ, ಆದರೆ ‘ಪಬ್ಲಿಕ್.ಜೇಸನ್’ ಜಾತಿಗೆ ಸೇರಿದ್ದು ಎಂದು ಬರೆಯಿರಿ. ‘ಪಬ್ಲಿಕ್’ನಿಂದ ಶುರುವಾಗುವ ಹೊಸ ಹೆಸರು ಮಾಡುವ ಹಕ್ಕು ಆ್ಯಪಲ್‌ಗೆ ಮಾತ್ರ. ಕೊನೆಗೆ ‘ಡಾಕ್ಯುಮೆಂಟ್ ಟೈಪ್ಸ್’ನಲ್ಲಿ ಅದೇ ಗುರುತು ಹಾಕಿ ‘ಓನರ್’ ದರ್ಜೆ ಆರಿಸಿ. ತಂಗಿಯ ಫೋನ್ ಐಫೋನ್ ಆಗಿದ್ದರೆ ಫೈಲ್‌ಗೆ ಈಗ ಮನೆ ಸಿಕ್ಕಿತು.

ಬಾಲದ ಹೆಸರು ಆರಿಸುವಾಗಲೂ ಯೋಚಿಸಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ, ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದು. ‘.ಟಿಎಸ್’ ಎಂದರೆ ಟೈಪ್‌ಸ್ಕ್ರಿಪ್ಟ್ ಕೋಡ್ ಕೂಡ ಹೌದು, ವಿಡಿಯೊ ಕೂಡ ಹೌದು. ಎರಡು ಮೂರು ಅಕ್ಷರದ ಬಾಲಗಳು ಬಹುಪಾಲು ಯಾರದೋ ಪಾಲಾಗಿವೆ. ‘.ಗೂಡುಲೆಕ್ಕ’ ಎಂದು ಪೂರ್ತಿ ಇಟ್ಟರೆ ಏನೂ ನಷ್ಟವಿಲ್ಲ.

ಆಂಡ್ರಾಯ್ಡ್ ನೋಡುವುದು ಮುಖ್ಯವಾಗಿ ಫೈಲ್‌ನ ಬಗೆ ಹೇಳುವ ಮೀಡಿಯಾ ಟೈಪ್ ಎಂಬ ಹೆಸರನ್ನು. ಇನ್ನೊಂದು ಆ್ಯಪ್ ಫೈಲ್ ಒಪ್ಪಿಸುವಾಗ ಬಾಲ ಕಾಣದೇ ಇರಬಹುದು. ಆದ್ದರಿಂದ ಮ್ಯಾನಿಫೆಸ್ಟ್‌ನ (ಆ್ಯಪ್ ತನ್ನ ವಿವರ ಹೇಳುವ ಫೈಲ್) ಇಂಟೆಂಟ್ ಫಿಲ್ಟರ್‌ನಲ್ಲಿ, ಅಂದರೆ ಆ್ಯಪ್ ಏನೇನು ತೆರೆಯಬಲ್ಲದು ಎಂದು ಹೇಳುವ ಭಾಗದಲ್ಲಿ, ನಿಮ್ಮ ಮೀಡಿಯಾ ಟೈಪ್ ಬರೆಯಿರಿ. ವಾಟ್ಸ್‌ಆ್ಯಪ್‌ನಂಥ ಮಧ್ಯದ ಆ್ಯಪ್ ಅದನ್ನು ಉಳಿಸಿಕೊಂಡೇ ಕಳಿಸುತ್ತದೆ ಎಂಬ ಗ್ಯಾರಂಟಿ ಇಲ್ಲ. ಗುರುತು ಸಿಗದ ಫೈಲ್‌ಗೆ ‘ಆಕ್ಟೆಟ್ ಸ್ಟ್ರೀಮ್’ ಎಂಬ ಸಾಮಾನ್ಯ ಹೆಸರು ಬರುತ್ತದೆ, ಅದನ್ನೂ ಫಿಲ್ಟರ್‌ಗೆ ಸೇರಿಸಬೇಕಾದೀತು. ಆಗ ಸಂಬಂಧವೇ ಇಲ್ಲದ ಫೈಲ್‌ಗಳೂ ನಿಮ್ಮ ಬಾಗಿಲಿಗೆ ಬರುತ್ತವೆ. ಅದಕ್ಕೇ ಫೈಲ್‌ನ ಶುರುವಿನಲ್ಲೇ ನಿಮ್ಮ ಗುರುತು ಮತ್ತು ಆವೃತ್ತಿಯ ಅಂಕಿ ಬರೆದಿಡಿ. ಆ್ಯಪ್ ಮೊದಲು ಅದನ್ನು ಓದಿ, ತನ್ನದಲ್ಲದಿದ್ದರೆ ‘ಇದು ಗೂಡಿನ ಲೆಕ್ಕದ ಫೈಲ್ ಅಲ್ಲ’ ಎಂದು ಕನ್ನಡದಲ್ಲೇ ಹೇಳಲಿ.

ಮೀಡಿಯಾ ಟೈಪ್ ನೋಂದಣಿ

ಇದಕ್ಕೆ ಜಗತ್ತಿಗೆಲ್ಲ ಒಂದೇ ಪಟ್ಟಿ. ಅದನ್ನು ನೋಡಿಕೊಳ್ಳುವುದು ಇಂಟರ್ನೆಟ್‌ನ ಹೆಸರು, ಸಂಖ್ಯೆಗಳ ಪಟ್ಟಿ ಇಡುವ ಐಎಎನ್‌ಎ ಎಂಬ ಸಂಸ್ಥೆ. ನಿಯಮಗಳು 2013ರ ಆರ್‌ಎಫ್‌ಸಿ 6838 ಎಂಬ ಇಂಟರ್ನೆಟ್ ದಾಖಲೆಯಲ್ಲಿವೆ. ದುಡ್ಡು ಕಟ್ಟಬೇಕಿಲ್ಲ, ಅವರ ಜಾಲತಾಣದಲ್ಲೇ ಫಾರಂ ಇದೆ. ಉತ್ಪನ್ನ ಮಾಡುವವರಿಗೆ ‘ವಿಎನ್‌ಡಿ’ ಎಂಬ ಶಾಖೆ. ನಮ್ಮ ಫೈಲ್‌ಗೆ ‘ಅಪ್ಲಿಕೇಶನ್/ವಿಎನ್‌ಡಿ.ಗೂಡುಲೆಕ್ಕ.ಬೆಳೆ+ಜೇಸನ್’ ಎಂಬ ಹೆಸರು ಸರಿಹೊಂದುತ್ತದೆ. ಹೆಸರಿನ ಆರಂಭದಲ್ಲಿ ‘ಎಕ್ಸ್’ ಮತ್ತು ಅಡ್ಡಗೆರೆ ಸೇರಿಸುವ ಹಳೆಯ ಅಭ್ಯಾಸ ಬೇಡ ಎಂದು 2012ರಲ್ಲೇ ಹೇಳಿದ್ದಾರೆ.

ಫಾರಂನಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಸುರಕ್ಷತೆಯ ಕಲಮಿಗೆ. ‘ಯಾವ ಅಪಾಯವೂ ಇಲ್ಲ’ ಎಂದು ಒಂದು ಸಾಲು ಗೀಚಬೇಡಿ. ಫೈಲ್‌ನಲ್ಲಿ ಓಡುವ ಕೋಡ್ ಇದೆಯೇ? ಬೆಳೆಗಾರರ ಫೋನ್ ನಂಬರ್, ಬ್ಯಾಂಕ್ ವಿವರ ಇದೆಯೇ? ಇದ್ದರೆ ಗೂಢಲಿಪಿ ಮಾಡಿದ್ದೀರಾ? ಪ್ರಾಮಾಣಿಕವಾಗಿ ಬರೆಯಿರಿ. ಬರೆಯುತ್ತಾ ಹೋದಂತೆ ಬ್ಯಾಂಕ್ ವಿವರ ಆ ಫೈಲ್‌ನಲ್ಲಿ ಇರಬೇಕಾಗೇ ಇರಲಿಲ್ಲ ಎಂದು ನಿಮಗೇ ಅನಿಸಬಹುದು. ಹಾಗನಿಸಿದರೆ ಅರ್ಜಿ ಕಳಿಸುವ ಮೊದಲೇ ತೆಗೆದುಬಿಡಿ. ಮ್ಯಾಕಿಂತೋಶ್ ಫೈಲ್ ಸಂಕೇತ ಕೇಳುವ ಕಲಮು ಇವತ್ತಿಗೂ ಅಲ್ಲಿದೆ, ಆ ನಾಲ್ಕಕ್ಷರದ ಕಾಲದ್ದು. ಅಲ್ಲಿ ‘ಇಲ್ಲ’ ಎಂದು ಬರೆದರೆ ಸಾಕು.

ಸಂಪರ್ಕಕ್ಕೆ ಕೊಡುವ ಇ-ಮೇಲ್ ಕೂಡ ಸಂಸ್ಥೆಯದೇ ಇರಲಿ. ಪರಿಶೀಲಿಸುವ ತಜ್ಞರು ಅದಕ್ಕೇ ಪ್ರಶ್ನೆ ಕಳಿಸುತ್ತಾರೆ, ಉತ್ತರ ಹೋಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಹೆಸರು ಪಟ್ಟಿಗೆ ಸೇರಿದ ಮೇಲೆ ಅದನ್ನೇ ಆಂಡ್ರಾಯ್ಡ್‌ನ ಫಿಲ್ಟರ್‌ನಲ್ಲೂ ಎಕ್ಸ್‌ಕೋಡ್‌ನ ಟೈಪ್ ಘೋಷಣೆಯಲ್ಲೂ ಒಂದಕ್ಷರ ಆಚೀಚೆ ಆಗದಂತೆ ಹಾಕಿ, ಅಪ್‌ಡೇಟ್ ಬಿಡುಗಡೆ ಮಾಡಿ.