ಆರುನೂರು ವಾಟಿನಲ್ಲಿ ಮನೆ ಬೆಚ್ಚಗಿಟ್ಟ ಬಗೆ: ಟೆಕ್ಸಾಸಿನ ಚಳಿಗಾಲದ ನನ್ನ ಅನುಭವ

2023ರ ಜನವರಿ ಕೊನೆಯಿಂದ ಫೆಬ್ರವರಿ ಮೊದಲ ದಿನಗಳವರೆಗೆ ಆಸ್ಟಿನ್ ಸುತ್ತಮುತ್ತ ಬಿದ್ದಲ್ಲೇ ಹೆಪ್ಪುಗಟ್ಟುವ ಮಳೆ ಸುರಿದು, ಮರಗಳು ತಂತಿಗಳ ಮೇಲೆ ಮುರಿದುಬಿದ್ದು, ಒಂದೂವರೆ ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಗಿತ್ತು. ನಮ್ಮ ಬೀದಿಗೆ ಅದು ಮರಳಿ ಬರಲು ನಾಲ್ಕೈದು ದಿನಗಳೇ ಬೇಕಾದವು. ಅಷ್ಟೂ ದಿನ ನಮ್ಮ ಮನೆಯೊಳಗಿನ ಉಷ್ಣಾಂಶ 15 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಲಿಲ್ಲ, ನಲ್ಲಿಗಳು ಹೆಪ್ಪುಗಟ್ಟಲಿಲ್ಲ, ಬೆಳಗಿನ ಸ್ನಾನವೂ ತಪ್ಪಲಿಲ್ಲ. ಇದಕ್ಕೆ ನಾನು ಬಳಸಿದ್ದು ಸೂಟ್‌ಕೇಸಿನಷ್ಟಿರುವ ಒಂದು ಪೆಟ್ರೋಲಿನ ಇನ್ವರ್ಟರ್ ಜನರೇಟರ್, ಒಂದು ಕಿಲೋವಾಟ್-ಗಂಟೆಯ ಲಿಥಿಯಂ ಬ್ಯಾಟರಿ ಪೆಟ್ಟಿಗೆ ಮತ್ತು ಮನೆಯಲ್ಲಿ ಮೊದಲೇ ಇದ್ದ ಗ್ಯಾಸ್ ಫರ್ನೆಸ್ (ಕೊಳವೆಯಲ್ಲಿ ಬರುವ ಗ್ಯಾಸ್ ಉರಿಸಿ, ಬಿಸಿಗಾಳಿಯನ್ನು ಮನೆಗೆಲ್ಲ ಊದುವ ಯಂತ್ರ). ಇವಿಷ್ಟರಿಂದ ಮನೆ ಬೆಚ್ಚಗಾಗುತ್ತದೆಂದು ನಾನು ಹೇಳಿದಾಗ ಸಂಕ್ರಾಂತಿ ಕೂಟದಲ್ಲಿ ಹಿರಿಯರೊಬ್ಬರು, "ದಾವಣಗೆರೆಯ ಯುಪಿಎಸ್ ಬುದ್ಧಿ ಇಲ್ಲಿ ನಡೆಯೋದಿಲ್ಲ ಸ್ವಾಮಿ, ಇದು ಟೆಕ್ಸಾಸು" ಎಂದು ಎಲ್ಲರೆದುರು ನಕ್ಕಿದ್ದರು. ಈ ಬರಹಕ್ಕೆ ಅವರ ನಗೆಯೂ ಒಂದು ಕಾರಣವೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

2021ರ ಫೆಬ್ರವರಿ 15ರ ನಸುಕಿನಲ್ಲಿ ಏನಾಯಿತೆಂಬುದು ಇಲ್ಲಿರುವ ಎಲ್ಲರಿಗೂ ನೆನಪಿದೆ. ನೆರೆರಾಜ್ಯಗಳ ಜಾಲಗಳಿಂದ ಬಹುಮಟ್ಟಿಗೆ ಬೇರೆಯಾಗಿಯೇ ಉಳಿದಿರುವ ಟೆಕ್ಸಾಸಿನ ವಿದ್ಯುತ್ ಜಾಲವು ಪೂರ್ತಿ ಕುಸಿಯುವುದಕ್ಕೆ 4 ನಿಮಿಷ 37 ಸೆಕೆಂಡುಗಳಷ್ಟು ಹತ್ತಿರ ಹೋಗಿತ್ತು, ಅದನ್ನು ಉಳಿಸಲು 45 ಲಕ್ಷ ಮನೆಗಳಷ್ಟು ಕತ್ತಲಾದವು. ಹೊರಗೆ 6 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಮೈನಸ್ 14 ಸೆಲ್ಸಿಯಸ್; ಎರಡನೆಯ ದಿನದ ಹೊತ್ತಿಗೆ ನಮ್ಮ ಹಜಾರದಲ್ಲಿ ಐದೋ ಆರೋ ಡಿಗ್ರಿ. ಫೈರ್‌ಪ್ಲೇಸಿನಲ್ಲಿ ಸೌದೆ ಉರಿಸಿದರೆ ಅದರ ಮುಂದೆ ಕುಳಿತವರ ಮುಖ ಬಿಸಿಯಾಗುತ್ತಿತ್ತೇ ಹೊರತು, ಚಿಮಣಿಯು ಮನೆಯ ಗಾಳಿಯನ್ನೆಲ್ಲ ಮೇಲಕ್ಕೆಳೆದು ಹಿಂದಿನ ಕೋಣೆಗಳನ್ನು ಇನ್ನಷ್ಟು ತಣ್ಣಗಾಗಿಸುತ್ತಿತ್ತು. ಗ್ಯಾರೇಜಿನ ಮೇಲಿನ ಅಟ್ಟದಲ್ಲಿ ತಾಮ್ರದ ಪೈಪ್ ಒಡೆದು ಛಾವಣಿಯ ಹಲಗೆ ಕುಸಿಯಿತು. ವಿಮೆಯವರು ಕೊಟ್ಟರೂ ಡಿಡಕ್ಟಿಬಲ್ ಎಂದು ನಮ್ಮ ಕೈಯಿಂದ ಎರಡೂವರೆ ಸಾವಿರ ಡಾಲರಿನಷ್ಟು ಹೋಯಿತು, ಪ್ಲಂಬರ್ ಬರಲು ಮೂರು ವಾರಕ್ಕೂ ಹೆಚ್ಚು ಕಾಯಬೇಕಾಯಿತು.

ಆ ವಸಂತದಲ್ಲಿ ಎಲ್ಲರಂತೆ ನಾನೂ ಇಡೀ ಮನೆಗಾಗುವ ಸ್ಟ್ಯಾಂಡ್‌ಬೈ ಜನರೇಟರಿಗೆ ದರ ಕೇಳಿದೆ. ಕಾಂಕ್ರೀಟ್ ಹಾಸು, ಗ್ಯಾಸ್ ಲೈನ್, ಪರ್ಮಿಟ್ ಎಲ್ಲ ಸೇರಿ ಹದಿಮೂರು ಸಾವಿರದಿಂದ ಹದಿನಾರು ಸಾವಿರ ಡಾಲರ್ ಹೇಳಿದರು, ಅದರ ಮೇಲೆ ಎಂಟು ತಿಂಗಳ ಸರದಿ. ಅಷ್ಟು ಹಣ ಸುರಿಯುವ ಮುನ್ನ ಫರ್ನೆಸ್ಸಿನ ಫಲಕದ ಮೇಲೆ ಬರೆದಿರುವುದನ್ನು ಒಮ್ಮೆ ಓದೋಣವೆಂದು ಅಟ್ಟ ಹತ್ತಿದೆ. ಗಂಟೆಗೆ 80,000 ಬಿಟಿಯು (ಶಾಖದ ಒಂದು ಅಳತೆ) ಗ್ಯಾಸ್, ದಕ್ಷತೆ ಶೇ 80; ಅಂದರೆ ಅದು ಮನೆಯೊಳಗೆ ತಳ್ಳುವ ಶಾಖ ಸುಮಾರು 19 ಕಿಲೋವಾಟ್. ಅದಕ್ಕೆ ಬೇಕಾದ ಕರೆಂಟ್ ಎಷ್ಟೆಂದು ಕ್ಲಾಂಪ್ ಮೀಟರ್ ಹಿಡಿದು ನೋಡಿದರೆ ಬಿಸಿಗಾಳಿ ಊದುವ ಬ್ಲೋವರ್, ಹೊಗೆ ತಳ್ಳುವ ಪುಟ್ಟ ಮೋಟಾರ್, ಇವನ್ನೆಲ್ಲ ನಿಯಂತ್ರಿಸುವ ಬೋರ್ಡ್ ಎಲ್ಲ ಸೇರಿ ಆರುನೂರು ವಾಟಿನ ಒಳಗೇ ಇತ್ತು. ಬ್ಲೋವರ್ ತಿರುಗಲು ಆರಂಭಿಸುವ ಕ್ಷಣದಲ್ಲಿ ಮಾತ್ರ ಅದು ಸಾವಿರದೈನೂರರ ಹತ್ತಿರ ಜಿಗಿಯುತ್ತದೆ. 2021ರ ಆ ಗಂಡಾಂತರದಲ್ಲೂ ನಮ್ಮ ಬೀದಿಯ ಗ್ಯಾಸ್ ನಿಂತಿರಲಿಲ್ಲ. ಹಾಗಿದ್ದ ಮೇಲೆ ನಮ್ಮನ್ನು ನಡುಗಿಸಿದ್ದು ಶಾಖದ ಕೊರತೆಯಲ್ಲ, ಮೂರು ಟ್ಯೂಬ್‌ಲೈಟು ಮತ್ತು ಒಂದು ಮಿಕ್ಸಿ ತಿನ್ನುವಷ್ಟು ವಿದ್ಯುತ್ತಿನ ಕೊರತೆ. ಊರಿನಲ್ಲಿ ಲೋಡ್ ಶೆಡ್ಡಿಂಗ್ ಕಂಡು ಬೆಳೆದವನಿಗೆ ಇದು ಹೊಳೆಯುವುದು ದೊಡ್ಡ ಸಂಗತಿಯೇನಲ್ಲ. (ಗ್ಯಾಸಿನ ಬದಲು ಕರೆಂಟಿನಿಂದಲೇ ಮನೆ ಕಾಯಿಸುವ ಹೀಟ್ ಪಂಪ್ ಅಥವಾ ಎಲೆಕ್ಟ್ರಿಕ್ ಕಾಯಿಲ್ ಇರುವ ಮನೆಯವರಿಗೆ ಈ ಲೆಕ್ಕ ಒದಗುವುದಿಲ್ಲ, ಅವರಿಗಾಗಿ ಮುಂದೆ ಒಂದು ಮಾತಿದೆ.)

ಎಲೆಕ್ಟ್ರಿಷಿಯನ್ ಬಂದು ಫರ್ನೆಸ್ಸಿನ ಸರ್ಕ್ಯೂಟಿಗೆ ಮಾತ್ರ, ಬೀದಿಯ ಕರೆಂಟ್ ಕಡಿದು ಜನರೇಟರಿಗೆ ಬದಲಿಸುವ ಒಂದು ಟ್ರಾನ್ಸ್‌ಫರ್ ಸ್ವಿಚ್ ಹಾಕಿಕೊಟ್ಟರು. ಸಾಮಾನು, ಕೂಲಿ ಎಲ್ಲ ಸೇರಿ ಐನೂರು ಡಾಲರಿನ ಆಸುಪಾಸು. ಬಟ್ಟೆ ಒಣಗಿಸುವ ಡ್ರೈಯರಿನ ಸಾಕೆಟ್ಟಿನಿಂದ ಹಿಮ್ಮುಖವಾಗಿ ಮನೆಗೆ ಕರೆಂಟ್ ತುಂಬುವ ಉಪಾಯವನ್ನು ಕೆಲವರು ನನಗೂ ಹೇಳಿಕೊಟ್ಟಿದ್ದರು. ಹೊರಗೆ ತಂತಿ ಜೋಡಿಸುತ್ತಿರುವ ಲೈನ್‌ಮನ್‌ನ ಜೀವ ತೆಗೆಯುವ ಕೆಲಸವದು, ಆ ಗೊಡವೆಗೆ ನಾನು ಹೋಗಲಿಲ್ಲ.

ಸ್ವಿಚ್ ಬಂದ ಮೇಲೆ ನಿಜವಾದ ತಲೆನೋವು ಶುರುವಾಯಿತು. ಜನರೇಟರ್ ಹಚ್ಚಿ ಥರ್ಮೋಸ್ಟಾಟ್ ಏರಿಸಿದರೆ ಪುಟ್ಟ ಮೋಟಾರ್ ತಿರುಗುತ್ತದೆ, ಇಗ್ನೈಟರ್ ಕೆಂಪಗೆ ಕಾಯುತ್ತದೆ, ಗ್ಯಾಸ್ ಬಿಟ್ಟುಕೊಂಡು ನೀಲಿ ಉರಿ ಸಾಲಾಗಿ ಹತ್ತುತ್ತದೆ, ನಾಲ್ಕೈದು ಸೆಕೆಂಡಿನಲ್ಲಿ ಟಪ್ಪೆಂದು ಆರಿಹೋಗುತ್ತದೆ. ಕೆಲವು ಸಲ ಹೀಗೆ ಮಾಡಿ ಬೋರ್ಡು ಮುನಿಸಿಕೊಂಡು ತಾನೇ ಬೀಗ ಹಾಕಿಕೊಳ್ಳುತ್ತದೆ. ಅದೇ ಫರ್ನೆಸ್ ಬೀದಿಯ ಕರೆಂಟಿನಲ್ಲಿ ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. ಜ್ವಾಲೆಯನ್ನು ಗುರುತಿಸುವ ಸೆನ್ಸರ್ ಕಡ್ಡಿಯನ್ನು ಬಿಚ್ಚಿ ನಯವಾದ ಸ್ಟೀಲ್ ಉಣ್ಣೆಯಿಂದ ಉಜ್ಜಿ ಹಾಕಿದರೂ ಫಲವಿಲ್ಲ. ಕರೆಸಿದ ತಂತ್ರಜ್ಞರೊಬ್ಬರು ನೂರೆಂಬತ್ತು ಡಾಲರ್ ತೆಗೆದುಕೊಂಡು, ಬೋರ್ಡ್ ಕೆಟ್ಟಿದೆ, ಹೊಸದಕ್ಕೆ ಆರುನೂರೈವತ್ತು ಆಗುತ್ತದೆ ಎಂದು ಚೀಟಿ ಬರೆದುಕೊಟ್ಟರು. ಬೋರ್ಡು ಇಂದಿಗೂ ಅದೇ ಇದೆ. ಜ್ವಾಲೆಯ ಮೂಲಕ ಅತಿ ಸಣ್ಣ ಪ್ರವಾಹವೊಂದು ಹರಿದು ಅರ್ಥಿಂಗ್‌ಗೆ ಸೇರಿದರೆ ಮಾತ್ರ ಬೋರ್ಡು ಉರಿ ಹತ್ತಿದೆಯೆಂದು ನಂಬುತ್ತದೆ; ಈ ಸಣ್ಣ ಇನ್ವರ್ಟರ್ ಜನರೇಟರುಗಳಲ್ಲಿ ನ್ಯೂಟ್ರಲ್ಲಿಗೂ ಅರ್ಥಿಂಗ್‌ಗೂ ಒಳಗೆ ಬೆಸುಗೆಯೇ ಇರುವುದಿಲ್ಲ, ಹಾಗಾಗಿ ಆ ಪ್ರವಾಹಕ್ಕೆ ಮರಳುವ ದಾರಿಯಿಲ್ಲ. ಇವೆರಡನ್ನೂ ಸೇರಿಸುವ ಪ್ಲಗ್ ಒಂದನ್ನು ಜನರೇಟರಿನ ಖಾಲಿ ಸಾಕೆಟ್ಟಿಗೆ ಸಿಕ್ಕಿಸಿದೆ, ಉರಿ ಆರದೆ ನಿಂತಿತು. ಹದಿನೈದು ಡಾಲರಿನ ಪ್ಲಗ್. ಅದನ್ನು ಕಟ್ಟಿಕೊಳ್ಳುವ ಬಗೆಯನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ನಿಮ್ಮ ಟ್ರಾನ್ಸ್‌ಫರ್ ಸ್ವಿಚ್ ಯಾವ ಬಗೆಯದೆಂಬುದರ ಮೇಲೆ ಅದು ಬೇಕೋ ಬೇಡವೋ ಎಂಬುದು ನಿಂತಿದೆ. ನಿಮ್ಮ ಎಲೆಕ್ಟ್ರಿಷಿಯನ್ ಅವರನ್ನೇ ಕೇಳಿ.

ರಾತ್ರಿಯಿಡೀ ಜನರೇಟರ್ ಓಡಿಸಲು ನನಗೆ ಮನಸ್ಸಿರಲಿಲ್ಲ. ಸದ್ದು, ಕಳ್ಳತನದ ಭಯ, ಎಲ್ಲಕ್ಕಿಂತ ಮಿಗಿಲಾಗಿ ವಿಷಾನಿಲ. ಆದ್ದರಿಂದ ಬೆಳಿಗ್ಗೆ ಮತ್ತು ಸಂಜೆ ಮೂರು ಮೂರು ಗಂಟೆ ಜನರೇಟರ್ ಹಚ್ಚಿ ಮನೆಯನ್ನು 20 ಡಿಗ್ರಿಯವರೆಗೆ ಕಾಯಿಸುವುದು, ಆ ಹೊತ್ತಿನಲ್ಲೇ ಬ್ಯಾಟರಿ ತುಂಬಿಸುವುದು, ರಾತ್ರಿ ಬ್ಯಾಟರಿಯಿಂದ ಫರ್ನೆಸ್ಸನ್ನು ಇಪ್ಪತ್ತೈದು ನಿಮಿಷದ ಕಂತುಗಳಲ್ಲಿ ಎರಡು ಮೂರು ಬಾರಿ ಓಡಿಸುವುದು ಎಂದು ನಿಶ್ಚಯಿಸಿದೆ. ಮೊದಲು ಕೊಂಡ ಅಗ್ಗದ ಇನ್ವರ್ಟರ್ ಶುದ್ಧ ಸೈನ್ ವೇವಿನದಾಗಿರಲಿಲ್ಲ, ಅಂದರೆ ಅದರ ಕರೆಂಟಿನ ಅಲೆ ಬೀದಿಯ ಕರೆಂಟಿನಷ್ಟು ನಯವಾಗಿರಲಿಲ್ಲ. ಬ್ಲೋವರ್ ದುಂಬಿಯಂತೆ ಗುಂಯ್‌ಗುಟ್ಟಿ ಬಿಸಿಯಾಯಿತು, ಹಿಂದಿರುಗಿಸಿದೆ. ಎರಡನೆಯದಾಗಿ ತಂದ ಲಿಥಿಯಂ ಐರನ್ ಫಾಸ್ಫೇಟ್ ಪೆಟ್ಟಿಗೆ (ಒಂಬೈನೂರು ಡಾಲರಿನ ಹತ್ತಿರ, ರಿಯಾಯಿತಿಯಲ್ಲಿ) ಸೊಗಸಾಗಿ ಕೆಲಸ ಮಾಡಿತು. ಆದರೆ ಒಂದು ರಾತ್ರಿ ಗ್ಯಾರೇಜಿನಲ್ಲಿ ಬಿಟ್ಟಾಗ ಬೆಳಿಗ್ಗೆ ಚಾರ್ಜ್ ತೆಗೆದುಕೊಳ್ಳಲೇ ಇಲ್ಲ, ಸೊನ್ನೆಗಿಂತ ಕೆಳಗೆ ಈ ಜಾತಿಯ ಬ್ಯಾಟರಿಗಳನ್ನು ಚಾರ್ಜ್ ಮಾಡಲಾಗದು. ಈಗ ಅದರ ಸ್ಥಾನ ಹಜಾರದ ಸೋಫಾ ಪಕ್ಕ.

2022ರ ಡಿಸೆಂಬರಿನಲ್ಲಿ ಕ್ರಿಸ್‌ಮಸ್‌ಗೆ ಮುನ್ನ ಶೀತಗಾಳಿ ಬೀಸಿ ಹೊರಗೆ ಮೈನಸ್ 9ರ ಆಸುಪಾಸು ಇಳಿದಾಗ, ಕರೆಂಟ್ ಇದ್ದರೂ ಬೇಕೆಂದೇ ಮೇನ್ ಆಫ್ ಮಾಡಿ ಪರೀಕ್ಷೆ ನಡೆಸಿದೆ. ಮನೆಯವಳು, "ಊರಿಗೆಲ್ಲ ಕರೆಂಟ್ ಇರುವಾಗ ನಮಗ್ಯಾಕೆ ಈ ವನವಾಸ?" ಎಂದು ಸಿಡುಕಿದ್ದು ನ್ಯಾಯವೇ. ಆ ರಾತ್ರಿ ಗೊತ್ತಾದದ್ದೇನೆಂದರೆ, ಫರ್ನೆಸ್ ನಿಂತ ಮೇಲೆ ನಮ್ಮ ಮನೆ ಗಂಟೆಗೆ ಸುಮಾರು ಒಂದು ಡಿಗ್ರಿಯಂತೆ ತಣ್ಣಗಾಗುತ್ತದೆ, ಅದರಲ್ಲೂ ಒಂಟಿ ಗಾಜಿನ, ಅಲ್ಯೂಮಿನಿಯಂ ಚೌಕಟ್ಟಿನ ಕಿಟಕಿಗಳ ಮೂಲಕ. ಕಿಟಕಿಗೆ ಬಬಲ್ ರ‍್ಯಾಪ್ ಅಂಟಿಸಿ ಅದರ ಮೇಲೆ ಅತ್ತೆಯವರು ಗದಗಿನಿಂದ ತಂದುಕೊಟ್ಟಿದ್ದ ಕೌದಿಗಳನ್ನು ಇಳಿಬಿಟ್ಟೆವು. ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಹಾಕಿ ಒತ್ತಾಗಿ ಹೊಲಿದ ಆ ಕೌದಿಯ ಈಚೆಗೆ ಕೈಯಿಟ್ಟರೆ ಕೋಣೆಯ ಬಿಸಿ, ಅಂಚು ಸರಿಸಿ ಒಳಗೆ ಕೈಯಿಟ್ಟರೆ ಬೆರಳು ಸೆಟೆಯುವಷ್ಟು ತಂಪು. ಬಬಲ್ ರ‍್ಯಾಪಿನ ಗುಳ್ಳೆಗಳ ಹಿಂದೆ ಗಾಜಿನ ತಳದಲ್ಲಿ ನೀರು ಹನಿದು ಹೆಪ್ಪುಗಟ್ಟಿ ಬಿಳಿಯ ಗೆರೆಯಾಗಿತ್ತು. ಅಂಚುಗಳಿಗೆ ಗಾಳಿ ನುಗ್ಗದಂತೆ ನಾನು ತುಂಬುವ ವಸ್ತು ಇನ್ನೊಂದಿದೆ, ಅದು ಸದ್ಯಕ್ಕೆ ನನ್ನ ಬಳಿಯೇ ಇರಲಿ.

ಗ್ಯಾಸ್ ಫರ್ನೆಸ್ ಇಲ್ಲದವರ ಮಾತಿಗೆ ಬರುತ್ತೇನೆ. ಅಪಾರ್ಟ್‌ಮೆಂಟಿನಲ್ಲಿರುವ ಸ್ನೇಹಿತರೊಬ್ಬರಿಗಾಗಿ ನಮ್ಮ ಮಲಗುವ ಕೋಣೆಯಲ್ಲೇ ನಾಲ್ಕು ಜನರ ಕ್ಯಾಂಪಿಂಗ್ ಟೆಂಟ್ ಹಾಕಿ ನೋಡಿದೆ. ಕುಳಿತಿರುವ ಮನುಷ್ಯನೊಬ್ಬ ನೂರು ವಾಟಿನಷ್ಟು ಶಾಖ ಬಿಡುತ್ತಾನೆ, ನಾಲ್ವರಿಗೆ ನಾನೂರು. ನೆಲಕ್ಕೆ ಯೋಗದ ಚಾಪೆ, ಮೇಲೆ ಕಂಬಳಿ ಹೊದಿಸಿದರೆ ಟೆಂಟಿನೊಳಗೆ ಕೋಣೆಗಿಂತ ಆರೇಳು ಡಿಗ್ರಿ ಹೆಚ್ಚೇ ಇತ್ತು. ಮಕ್ಕಳು ಕರೆಂಟ್ ಬಂದ ಮೇಲೂ ಹೊರಬರಲೊಲ್ಲರಾದರು. ಟೆಂಟಿನೊಳಗೆ ದೀಪ, ಸ್ಟೋವ್, ಇದ್ದಿಲು ಯಾವುದೂ ಸಲ್ಲದು. 2021ರಲ್ಲಿ ರಾಜ್ಯದ ಅಧಿಕೃತ ಲೆಕ್ಕದ 246 ಸಾವುಗಳಲ್ಲಿ ಕಾರ್ಬನ್ ಮಾನಾಕ್ಸೈಡ್‌ಗೆ ಬಲಿಯಾದವರೂ ಇದ್ದರು. ಗ್ಯಾರೇಜಿನಲ್ಲಿ ಕಾರ್ ಚಾಲೂ ಮಾಡಿ, ಮನೆಯೊಳಗೆ ಇದ್ದಿಲ ಗ್ರಿಲ್ ತಂದು ಜೀವ ಕಳೆದುಕೊಂಡವರು. ನಮ್ಮ ಜನರೇಟರ್ ಮನೆಯಿಂದ ಇಪ್ಪತ್ತು ಅಡಿಗಿಂತ ಆಚೆಗಿರುತ್ತದೆ, ಹೊಗೆ ಹೊರಮುಖವಾಗಿ. ಈ ವಿಷಾನಿಲವನ್ನು ಪತ್ತೆಹಚ್ಚುವ, ಬ್ಯಾಟರಿಯಿಂದ ನಡೆಯುವ ಅಲಾರಂ ಎರಡು ಕಡೆ ಇವೆ.

ಇನ್ನು 2023ರ ಹೆಪ್ಪುಮಳೆ. ಚಳಿ ಅಷ್ಟೇನೂ ಕಠೋರವಾಗಿರಲಿಲ್ಲ, ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗೆ. ಆದರೆ ಲೈವ್ ಓಕ್ ಮರಗಳು ಚಳಿಗಾಲದಲ್ಲೂ ಎಲೆ ಉದುರಿಸುವುದಿಲ್ಲವಾದ್ದರಿಂದ ಪ್ರತಿ ಎಲೆಗೂ ಗಾಜಿನ ಕವಚ ಕೂತು, ರಾತ್ರಿಯಿಡೀ ಕೊಂಬೆಗಳು ಒಂದಾದ ಮೇಲೊಂದು ಸಿಡಿದು ಬಿದ್ದವು. ಜನರೇಟರಿಗೆ ಮಾಡಿದ್ದ ಪ್ಲಾಸ್ಟಿಕ್ ಚಪ್ಪರ ಮೊದಲ ಸಂಜೆಯೇ ಮಂಜುಗಡ್ಡೆಯ ಭಾರಕ್ಕೆ ಮಡಚಿಕೊಂಡಿತು. ಅದರ ಬದಲಿಗೆ ಹಳೆಯ ಪ್ಲೈವುಡ್ ಮೇಜನ್ನು ಮರದಿಂದ ದೂರ ತಂದಿಟ್ಟು ಮೂರು ಕಡೆ ತೆರೆದುಬಿಟ್ಟೆ. ಇಂಥ ತೇವದ ಚಳಿಯಲ್ಲಿ ಇಂಜಿನ್ನಿನ ಒಳಗಿನ ಒತ್ತಡವನ್ನು ಹೊರಬಿಡುವ ಉಸಿರುಕೊಳವೆಯೊಳಗೆ ಮಂಜು ಕಟ್ಟಿ, ಒತ್ತಡ ಹೆಚ್ಚಿ ಎಣ್ಣೆ ಹೊರಚಿಮ್ಮುವುದುಂಟು. 10ಡಬ್ಲ್ಯು-30 ತೆಗೆದು ಚಳಿಯಲ್ಲಿ ಅದಕ್ಕಿಂತ ತೆಳುವಾಗಿರುವ 5ಡಬ್ಲ್ಯು-30 ಸಿಂಥೆಟಿಕ್ ಎಣ್ಣೆ ಹಾಕಿದ್ದರಿಂದ ಮುಂಜಾನೆ ಹಗ್ಗ ಎಳೆಯುವುದು ಹಗುರವಾಯಿತು. ಉಸಿರುಕೊಳವೆಗೆ ಮಾಡಿದ ಉಪಾಯವನ್ನು ಮನೆಗೆ ಬಂದವರಿಗೆ ತೋರಿಸುತ್ತೇನೆ, ಬರೆದರೆ ಅರ್ಥವಾಗುವಂಥದ್ದಲ್ಲ. ಪ್ರೊಪೇನಿನ ಪ್ರಯೋಗ ಸೋತಿತು. 20 ಪೌಂಡಿನ ಸಿಲಿಂಡರ್ ಅರ್ಧಕ್ಕಿಂತ ಕಡಿಮೆಯಾದಾಗ ಚಳಿಗೆ ಒತ್ತಡ ಕುಗ್ಗಿ, ಸಿಲಿಂಡರಿನ ಹೊಟ್ಟೆಗೆ ಬಿಳಿ ಮಂಜು ಕೂತು, ಬ್ಲೋವರ್ ಏಳುವ ಹೊತ್ತಿಗೆ ಇಂಜಿನ್ ಮುಗ್ಗರಿಸುತ್ತಿತ್ತು. ಪೆಟ್ರೋಲಿಗೇ ಮರಳಿದೆ: ದಿನಕ್ಕೆ ಒಂದೂವರೆ ಗ್ಯಾಲನ್, ಆಗಿನ ದರದಲ್ಲಿ ಐದು ಡಾಲರಿಗೆ ಸ್ವಲ್ಪ ಕಡಿಮೆ.

ನೀರಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಅಟ್ಟದ ಒಡೆದ ತಾಮ್ರದ ಜಾಗದಲ್ಲಿ ಪೆಕ್ಸ್ ಎಂಬ ಬಾಗುವ ಪ್ಲಾಸ್ಟಿಕ್ ಪೈಪ್ ಬಂದಿದೆ, ಮೀಟರಿನ ಬಳಿ ನೀರು ನಿಲ್ಲಿಸುವ ಕೀಲಿ ಬಾಗಿಲ ಹಿಂದೆ ತೂಗುತ್ತದೆ, ನೀರಿನ ಮೇನ್‌ನಿಂದ ಅತಿ ದೂರದ ನಲ್ಲಿಯಲ್ಲಿ ಬಿಸಿ ಮತ್ತು ತಣ್ಣೀರು ಎರಡನ್ನೂ ಹನಿಹನಿಯಾಗಿ ಬಿಡುತ್ತೇವೆ. ನಮ್ಮದು ಪೈಲಟ್ ಉರಿಯ ಹಳೆಯ ಟ್ಯಾಂಕ್ ಗೀಸರ್, ಅದಕ್ಕೆ ಕರೆಂಟೇ ಬೇಡ. ಟ್ಯಾಂಕಿಲ್ಲದ ಹೊಸ ಮಾದರಿ ಹಾಕಿಸಿಕೊಳ್ಳಿ ಎಂದು ಒತ್ತಾಯಿಸಿದವರ ಮನೆಯಲ್ಲಿ ಕರೆಂಟ್ ಹೋದಾಗ ಅದರ ಮಂಜುರಕ್ಷಕ ಕಾಯಿಲೂ ಸತ್ತು, ಒಳಗಿನ ತಾಮ್ರ ಸೀಳಿತು.

ಕರಿಬೇವಿನ ಬಗ್ಗೆ ಕೇಳುವವರಿದ್ದಾರೆ. ಕುಂಡದ ಗಿಡ ಮನೆಯೊಳಗೆ ಬಂತು, ಅದಕ್ಕೆ ತೊಂದರೆಯಾಗಲಿಲ್ಲ. ನೆಲದಲ್ಲಿರುವ ನಿಂಬೆಗೆ ಕಂಬಳಿ ಹೊದಿಸಿ, ಒಳಗೆ ಎರಡು ಬಕೆಟ್ ಬಿಸಿನೀರಿಟ್ಟು ಬುಡಕ್ಕೆ ಮಣ್ಣೇರಿಸಿದೆ. ನೀರು ಹೆಪ್ಪುಗಟ್ಟುವಾಗಲೂ ಶಾಖ ಬಿಟ್ಟುಕೊಡುತ್ತದೆ. ತುದಿಗಳು ಚಳಿಗೆ ಸುಟ್ಟವು, ಕಸಿಯ ಗಂಟು ಉಳಿಯಿತು, ಏಪ್ರಿಲ್‌ನಲ್ಲಿ ಚಿಗುರಿತು. ರಾತ್ರಿ ಬ್ಯಾಟರಿಯ ಪಕ್ಕದಲ್ಲಿಟ್ಟ ಇಡ್ಲಿ ಹಿಟ್ಟು ಉಬ್ಬಲಿಲ್ಲ, ಗೀಸರಿನ ಮೇಲಿಟ್ಟದ್ದು ಉಬ್ಬಿತು.

ಒಟ್ಟು ಖರ್ಚು, ಜನರೇಟರಿಗೆ ಸಾವಿರದ ನೂರು, ಬ್ಯಾಟರಿಗೆ ಒಂಬೈನೂರು, ಸ್ವಿಚ್ಚಿಗೆ ಐನೂರು, ದಪ್ಪ ತಂತಿಯ ಎಕ್ಸ್‌ಟೆನ್ಷನ್, ಅಲಾರಂ, ಡಬ್ಬಿಗಳು ಇತ್ಯಾದಿ ಮುನ್ನೂರು. ತಂತ್ರಜ್ಞರ ನೂರೆಂಬತ್ತನ್ನೂ ಸೇರಿಸಿದರೆ ಮೂರು ಸಾವಿರದೊಳಗೇ ಮುಗಿಯಿತು. ಸಂಕ್ರಾಂತಿಯಂದು ನಕ್ಕ ಹಿರಿಯರು ಹೆಪ್ಪುಮಳೆಯ ಮೂರನೆಯ ರಾತ್ರಿ ಕುಟುಂಬ ಸಮೇತ ನಮ್ಮಲ್ಲಿಗೇ ಬಂದು ಮಲಗಿದರು; ಈಗ ಅವರ ಮನೆಗೂ ಇದೇ ಏರ್ಪಾಡು ಆಗಬೇಕಿದೆ. ಮಾಡಿಸುವವರು ಅಕ್ಟೋಬರಿನೊಳಗೆ ಎಲೆಕ್ಟ್ರಿಷಿಯನ್ ಅವರಿಗೆ ಹೇಳಿಡುವುದು ಒಳ್ಳೆಯದು, ಮೊದಲ ಶೀತಗಾಳಿಯ ಸುದ್ದಿ ಬಂದ ಮೇಲೆ ಅವರು ಫೋನೆತ್ತುವುದಿಲ್ಲ, ಎತ್ತಿದರೂ ದರ ಬೇರೆಯಾಗಿರುತ್ತದೆ.