ವೈನ್, ವಡೆ, ಬೆಲ್ಲ: ಮೈಸೂರು ರಸ್ತೆಯಲ್ಲಿ ಒಂದು ದಿನ

ಬಿಡದಿಯಲ್ಲಿ ತಟ್ಟೆ ಇಡ್ಲಿ, ಚನ್ನಪಟ್ಟಣದಲ್ಲಿ ವೈನರಿ, ಮದ್ದೂರಲ್ಲಿ ವಡೆ, ಮಂಡ್ಯದ ಹತ್ತಿರ ಆಲೆಮನೆ. ಬೆಂಗಳೂರಿನಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಇಷ್ಟೂ ಮುಗಿಯುತ್ತದೆ. ಊರುಗಳು ಸಾಲಾಗಿರುವ ಕ್ರಮವೇ ನಾಲಿಗೆಗೂ ಸರಿಯಾದ ಕ್ರಮ. ತಿರುವುಮುರುವು ಮಾಡಿದರೆ ಕೆಟ್ಟಿತು: ಬೆಲ್ಲ ತಿಂದ ಬಾಯಿಗೆ ಸಿಹಿಯಿಲ್ಲದ ವೈನ್ ಬರೀ ಹುಳಿ, ಮೆಣಸಿನಕಾಯಿ ಕಚ್ಚಿದ ಬಾಯಿಗೆ ಬರೀ ಉರಿ.

ಹೊಸ ಎಕ್ಸ್‌ಪ್ರೆಸ್‌ವೇ ಹತ್ತಬೇಡಿ. 2023ರಲ್ಲಿ ಉದ್ಘಾಟನೆಯಾದ ಆ ರಸ್ತೆ ಈ ಊರುಗಳನ್ನೆಲ್ಲ ಬಳಸಿಕೊಂಡು ಹೋಗುತ್ತದೆ, ಬೈಕಿಗಂತೂ ಪ್ರವೇಶವೇ ಇಲ್ಲ. ಹಳೇ ರಸ್ತೆಯಲ್ಲೇ ಹೋಗಬೇಕು. ಗುಂಪಿನಲ್ಲಿ ಎಲ್ಲರಿಗೂ ಕುಡಿಯುವ ಮನಸ್ಸಿದ್ದರೆ ರೈಲೇ ವಾಸಿ. ಪ್ಯಾಸೆಂಜರ್ ಗಾಡಿಗಳು ಬಿಡದಿ, ಚನ್ನಪಟ್ಟಣ, ಮದ್ದೂರು, ಮಂಡ್ಯ ನಾಲ್ಕರಲ್ಲೂ ನಿಲ್ಲುತ್ತವೆ. ಅಲ್ಲಿಂದ ಆಟೋ.

ತಿಂಗಳು ಫೆಬ್ರುವರಿ ಇಲ್ಲವೇ ಮಾರ್ಚ್ ಮೊದಲ ಭಾಗ. ನಮ್ಮ ಕಡೆ ದ್ರಾಕ್ಷಿ ಬಳ್ಳಿಗೆ ವರ್ಷಕ್ಕೆ ಎರಡು ಸಲ ಚಾಟನಿ, ಅಂದರೆ ಕಡ್ಡಿ ಸವರುವುದು. ಬೇಸಿಗೆಯದು ಕಡ್ಡಿ ಬಲಿಯುವುದಕ್ಕೆ, ಸೆಪ್ಟೆಂಬರ್-ಅಕ್ಟೋಬರಿನದು ಹಣ್ಣಿಗೆ. ಆ ಎರಡನೆಯದರ ಹಣ್ಣು ವೈನರಿಗೆ ಬರುವ ಕಾಲ ಇದು. ಮಳೆಗಾಲದಲ್ಲಿ ಹೋದರೆ ನೋಡಲು ಸಿಗುವುದು ಸ್ಟೀಲ್ ಟ್ಯಾಂಕು ಮಾತ್ರ. ಆಲೆಮನೆಗೂ ಮಳೆ ಆಗದು. ಒಲೆಗೆ ಹಾಕುವುದು ಒಣಗಿದ ಕಬ್ಬಿನ ಸಿಪ್ಪೆ, ಅದು ನೆನೆದರೆ ಬೆಂಕಿ ಏಳುವುದಿಲ್ಲ.

ಬೆಳಿಗ್ಗೆ ಏಳಕ್ಕೆ ಹೊರಟು ಎಂಟಕ್ಕೆ ಬಿಡದಿ. ಒಬ್ಬರಿಗೆ ಎರಡು ತಟ್ಟೆ ಇಡ್ಲಿ, ಬೆಣ್ಣೆ. ಚಟ್ನಿ ಮಿತವಾಗಿರಲಿ. ಖಾಲಿ ಹೊಟ್ಟೆಯಲ್ಲಿ ವೈನ್ ಬೇಗ ಏರುತ್ತದೆ, ಆದ್ದರಿಂದ ಈ ತಿಂಡಿ ಬಿಡುವಂತಿಲ್ಲ. ಕಾಫಿ ಕುಡಿದ ಮೇಲೆ ರುಚಿ ನೋಡುವುದಕ್ಕೆ ಕನಿಷ್ಠ ಒಂದು ಗಂಟೆ ಬಿಡುವು ಕೊಡಿ. ಸೆಂಟು ಹಾಕಿಕೊಂಡು ಬಂದವರು ತಮ್ಮದನ್ನಷ್ಟೇ ಅಲ್ಲ, ಪಕ್ಕದವರ ಲೋಟವನ್ನೂ ಕೆಡಿಸುತ್ತಾರೆ.

ಚನ್ನಪಟ್ಟಣದ ಹೆರಿಟೇಜ್ ವೈನರಿ ಈ ದಾರಿಯಲ್ಲೇ ಇದೆ. ಹಿಂದಿನ ದಿನ ಫೋನ್ ಮಾಡಿ ಜಾಗ ಹಿಡಿದಿಟ್ಟುಕೊಳ್ಳಿ, ಹಣ್ಣು ತುಳಿಯುವುದು ಇದೆಯೇ ಎಂದೂ ಕೇಳಿ. ಸುಮ್ಮನೆ ಟ್ಯಾಂಕು ನೋಡಿ ಬರುವುದಕ್ಕಿಂತ ಎರಡು ಪ್ರಶ್ನೆ ಕೇಳುವುದು ಲಾಭ. ಒಂದು, ಸಿಪ್ಪೆ ಎಷ್ಟು ದಿನ ರಸದಲ್ಲಿತ್ತು? ಕೆಂಪು ವೈನಿನ ಬಣ್ಣ, ಒಗರು ಎರಡೂ ಸಿಪ್ಪೆಯಿಂದಲೇ ಬರುವುದು. ಬಿಳಿಯದಕ್ಕೆ ಹಣ್ಣು ಹಿಂಡಿ ರಸವನ್ನಷ್ಟೇ ಹುಳಿಯಲು ಬಿಡುತ್ತಾರೆ. ಎರಡು, ಯಾವ ತಳಿ? ಬೆಂಗಳೂರು ನೀಲಿ ನಮ್ಮ ಊರಿನ ಹಣ್ಣು, 2013ರಲ್ಲಿ ಜಿಐ ಗುರುತು, ಅಂದರೆ ಇಂಥ ಊರಿನದೇ ಬೆಳೆ ಎಂಬ ಅಧಿಕೃತ ಮಾನ್ಯತೆ, ಪಡೆದದ್ದು. ಅದರ ಗಾಢ ವಾಸನೆ ಸಿಹಿ ಪೋರ್ಟ್ ಬಗೆಯ ವೈನಿಗೆ ಹೊಂದುತ್ತದೆ. ಶಿರಾಜ್, ಕ್ಯಾಬರ್ನೆ ಎಂಬ ವಿದೇಶಿ ವೈನ್ ತಳಿಗಳ ರುಚಿಯನ್ನು ಅದರಲ್ಲಿ ಹುಡುಕಬಾರದು.

ರುಚಿ ನೋಡುವಾಗ ಬಿಳಿ ಮೊದಲು, ಆಮೇಲೆ ಕೆಂಪು, ಸಿಹಿಯದು ಕೊನೆಗೆ. ನಡುವೆ ನೀರು, ಸಪ್ಪೆ ಬಿಸ್ಕತ್ತು. ಬಾಯಲ್ಲಿ ಆಡಿಸಿ ಉಗುಳುವುದಕ್ಕೆ ಸಂಕೋಚ ಬೇಡ. ಲೆಕ್ಕ ನೋಡಿ: 30 ಮಿ.ಲೀ.ನಂತೆ ಐದು ಬಗೆ ನುಂಗಿದರೆ 150 ಮಿ.ಲೀ. ಶೇ. 12 ಆಲ್ಕೋಹಾಲ್ ಇದ್ದರೆ ಅದು ಸುಮಾರು 14 ಗ್ರಾಂ. ಅರವತ್ತು ಕೆ.ಜಿ. ತೂಕದವರು ಅಷ್ಟಕ್ಕೇ 100 ಮಿ.ಲೀ. ರಕ್ತಕ್ಕೆ 30 ಮಿ.ಗ್ರಾಂ. ಎಂಬ ಕಾನೂನಿನ ಮಿತಿ ಮುಟ್ಟಿಬಿಡಬಹುದು. ಮೊದಲ ಸಲ ಸಿಕ್ಕಿಬಿದ್ದರೂ 10,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ ಇದೆ. ಗಾಡಿ ಓಡಿಸುವವರು ಮೂಸಿ ನೋಡಿದರೆ ಸಾಕು.

ಒಂದೂವರೆಗೆ ಮದ್ದೂರು. ಒಳ್ಳೆಯ ವಡೆ ಅಂಗೈಯಗಲ, ತೆಳು, ಮುರಿದರೆ ಪಟ್ ಎನ್ನಬೇಕು. ಬಾಣಲೆ ಕಾಣುವ ಕಡೆ ನಿಂತು ನೋಡಿ. ಮನೆಯಲ್ಲಿ ನಾವು ಮಾಡುವ ಅಳತೆ: ಒಂದು ಲೋಟ ಅಕ್ಕಿಹಿಟ್ಟು, ಅರ್ಧ ಲೋಟ ಚಿರೋಟಿ ರವೆ, ಕಾಲು ಲೋಟ ಮೈದಾ, ಎರಡು ದೊಡ್ಡ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಮೂರು ಚಮಚ ಕಾಯಿಸಿದ ಎಣ್ಣೆ. ಉಪ್ಪು ಬಿದ್ದ ಕೂಡಲೇ ಈರುಳ್ಳಿ ನೀರು ಬಿಡುತ್ತದೆ. ಮೊದಲೇ ಕಲಸಿಟ್ಟರೆ ಹಿಟ್ಟು ಸಡಿಲವಾಗಿ ವಡೆ ಎಣ್ಣೆ ಕುಡಿಯುತ್ತದೆ. ಉರಿ ಜೋರಾದರೆ ಮೇಲೆ ಕೆಂಪು, ಒಳಗೆ ಮೆತ್ತಗೆ. ನಡು ಉರಿಯಲ್ಲಿ ನಿಧಾನಕ್ಕೇ ಬೇಯಬೇಕು.

ಮೂರರ ಹೊತ್ತಿಗೆ ಮಂಡ್ಯದ ಆಚೀಚಿನ ಯಾವುದಾದರೂ ಆಲೆಮನೆ. ಹೊಗೆ ನೋಡಿಕೊಂಡು ಹೋದರೂ ಸಿಗುತ್ತದೆ, ಆದರೆ ಒಳಗೆ ಕಾಲಿಡುವ ಮುಂಚೆ ಕೇಳಿ. ಒಂದು ಕೊಪ್ಪರಿಗೆ ಇಳಿಯಲು ಎರಡೂವರೆ-ಮೂರು ಗಂಟೆ ಬೇಕು, ಆದ್ದರಿಂದ ‘ಪಾಕ ಯಾವಾಗ ಇಳಿಸ್ತೀರಿ ಅಣ್ಣಾ’ ಎಂಬುದೇ ಮೊದಲ ಪ್ರಶ್ನೆ. ಕಾಯುವ ರಸಕ್ಕೆ ಸುಣ್ಣ ಹಾಕಿ, ಮೇಲೆ ಬಂದ ಕೊಳೆ ತೆಗೆಯುತ್ತಾರೆ. ಬೆಂಡೆ ಗಿಡದ ಲೋಳೆ ಹಾಕುವ ಪದ್ಧತಿಯೂ ಇದೆ. ಪಾಕದ ಹನಿ ತಣ್ಣೀರಿಗೆ ಬಿದ್ದು ಉಂಡೆಯಾದರೆ ಇಳಿಸುವ ಹೊತ್ತು. ಟನ್ ಕಬ್ಬಿಗೆ ಸುಮಾರು ನೂರು ಕೆ.ಜಿ. ಬೆಲ್ಲ. ಕೊಳ್ಳುವುದಾದರೆ ಕಂದು ಬೆಲ್ಲವನ್ನೇ ಕೊಳ್ಳಿ. ಕಣ್ಣು ಕೋರೈಸುವ ಹಳದಿಗೆ ಬಹಳ ಸಲ ಹೈಡ್ರೋಸ್ ಎಂಬ ಬಣ್ಣ ತಿಳಿಯಾಗಿಸುವ ರಾಸಾಯನಿಕ ಕಾರಣ. ಹಾಗೆ ಬಂದ ಬಣ್ಣ ಮನೆಗೆ ತಂದಿಟ್ಟ ಮೇಲೆ ಕಪ್ಪಾಗುತ್ತಾ ಹೋಗುತ್ತದೆ.

ಹಿಂದಿರುಗುವಾಗ ಬಾಟಲಿ ಡಿಕ್ಕಿಯಲ್ಲಿ ಬರಿದೇ ಇಡಬೇಡಿ. ಬಿಸಿಲಿಗೆ ವೈನ್ ಹಿಗ್ಗಿ ಬಿರಡೆ ಮೇಲೇಳುತ್ತದೆ. ಥರ್ಮಕೋಲ್ ಪೆಟ್ಟಿಗೆಯೊಳಗೆ ಹೆಪ್ಪುಗಟ್ಟಿಸಿದ ನೀರಿನ ಬಾಟಲಿಯೊಂದಿಗೆ ಇಡಿ, ಬಿಲ್ಲು ಜೇಬಿನಲ್ಲಿರಲಿ. ಬಿಸಿ ಬೆಲ್ಲವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿದರೆ ಬೆವೆತು ಅಂಟಾಗುತ್ತದೆ, ಕಾಗದ ಸುತ್ತಿ. ವಡೆ ಪೊಟ್ಟಣದ ಬಾಯಿ ಮಾತ್ರ ತೆರೆದೇ ಇರಲಿ, ಕಟ್ಟಿದರೆ ಮನೆ ಸೇರುವಷ್ಟರಲ್ಲಿ ಪಟ್ ಎನ್ನುವುದಿಲ್ಲ.