ತಣ್ಣಗಾದ ಮರಿಗೆ ಮೊದಲು ಶಾಖ, ಆಮೇಲೆ ಹಾಲು
ಪೊಮೆರೇನಿಯನ್, ಚಿಹುವಾಹುವಾದಂಥ ಪುಟ್ಟ ತಳಿಯ ನಾಯಿಯ ಎಳೆ ಮರಿ ಮುಟ್ಟಿದಾಗ ತಣ್ಣಗಿದ್ದು ಮೊಲೆ ಹಿಡಿಯದಿದ್ದರೆ ಬಾಯಿಗೆ ಹಾಲು ಬಿಡಬೇಡಿ, ಮೊದಲು ಮೈ ಬೆಚ್ಚಗಾಗಿಸಿ. ಮೊದಲ ವಾರ ಮರಿಯ ಗುದದ ತಾಪ ಸುಮಾರು 35ರಿಂದ 37 ಡಿಗ್ರಿ ಸೆಲ್ಸಿಯಸ್ ಇರುತ್ತದೆ. 34ರ ಆಸುಪಾಸಿಗೆ ಇಳಿದರೆ ಕರುಳಿನ ಚಲನೆ ನಿಲ್ಲುತ್ತದೆ, ಚೀಪುವ ಶಕ್ತಿಯೂ ಹೋಗುತ್ತದೆ. ಕುಡಿಸಿದ ಹಾಲು ಹೊಟ್ಟೆಯಲ್ಲೇ ಉಳಿದು ಉಬ್ಬರಿಸುತ್ತದೆ, ಇಲ್ಲವೇ ಶ್ವಾಸಕೋಶ ಸೇರುತ್ತದೆ. ಎದೆಗವಚಿಕೊಂಡೋ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯ ಪಕ್ಕ ಮಲಗಿಸಿಯೋ ಒಂದೆರಡು ಗಂಟೆ ನಿಧಾನವಾಗಿ ಕಾಯಿಸಿ, ಆಗಾಗ ಮಗ್ಗುಲು ಬದಲಿಸಿ. ಹೇರ್ ಡ್ರೈಯರ್ ಬೇಡ, ಅವಸರದ ಬಿಸಿಯೂ ಅಪಾಯವೇ. ತುದಿ ಬಾಗುವ ಡಿಜಿಟಲ್ ಥರ್ಮಾಮೀಟರಿಗೆ ವ್ಯಾಸಲೀನ್ ಸವರಿ ಗುದದ ತಾಪ ನೋಡಿ. 35 ದಾಟಿ, ಬೆರಳು ಇಟ್ಟರೆ ಚೀಪತೊಡಗಿದ ಮೇಲೆ ತಾಯಿಗೆ ಬಿಡಿ. ತಾಯಿ, ಮರಿಗಳು ಮಲಗುವ ಪೆಟ್ಟಿಗೆಯ ಒಂದು ಬದಿ 30 ಡಿಗ್ರಿ ಸುಮಾರಿಗಿರಲಿ, ಇನ್ನೊಂದು ಬದಿ ತಂಪಾಗಿರಲಿ; ತಾಯಿಗೆ ಸೆಕೆಯಾದರೆ ಅದು ಮರಿಗಳನ್ನು ಬಿಟ್ಟು ಎದ್ದು ಹೋಗುತ್ತದೆ. ಸೀಳಂಗುಳ (ಬಾಯಿಯೊಳಗಿನ ಮೇಲ್ಭಾಗ ಸೀಳಿರುವುದು) ಅಥವಾ ಸೋಂಕು ಇರುವ ಮರಿಗೆ ಇದು ಸಾಲದು. ಬೆಚ್ಚಗಾದರೂ ಚೀಪದಿದ್ದರೆ, ಜೋತುಬಿದ್ದರೆ, ರಕ್ತದ ಸಕ್ಕರೆಯಂಶ ಕುಸಿದಿರಬಹುದು. ಒಸಡಿಗೆ ಒಂದು ಹನಿ ಗ್ಲೂಕೋಸ್ ನೀರು ಸವರಿ, ಬೆಳಗಾಗಲಿ ಎನ್ನದೆ ಆಗಲೇ ಪಶುವೈದ್ಯರ ಬಳಿ ಒಯ್ಯಿರಿ.